ತುರ್ತು ಬಟನ್ ಇರುವ ಟ್ರ್ಯಾಕರ್: ಮಲೆನಾಡಿನ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಸಕಲೇಶಪುರ ತಾಲೂಕಿನಲ್ಲಿ, ಹಾನಬಾಳಿನ ಕಡೆ ನಮ್ಮ ಮನೆ. ಮಾವನಿಗೆ ಮರೆವು ಶುರುವಾದಾಗ ಮೊದಲ ಸಲ ಇಂಥ ಯಂತ್ರ ತಂದೆವು. ಆಮೇಲೆ ಅತ್ತೆಗೂ ಒಂದು ಬಂತು. ಅಲ್ಲಿಂದ ಇಲ್ಲಿಯವರೆಗೆ ಅಕ್ಕಪಕ್ಕದ ಊರುಗಳಲ್ಲಿ, ಮೂಡಿಗೆರೆ ಮತ್ತು ಬೇಲೂರು ಕಡೆಯ ನೆಂಟರ ಮನೆಗಳಲ್ಲಿ ಸುಮಾರು ಜನಕ್ಕೆ ಸಿಮ್ ಹಾಕಿ, ನಂಬರ್ ಕೂರಿಸಿ ಕೊಟ್ಟಿದ್ದೇನೆ. ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಅದೇ ಪ್ರಶ್ನೆಗಳು. ಪ್ರತಿ ಸಲ ಫೋನಿನಲ್ಲಿ ಹೇಳುವಾಗ ಏನಾದರೂ ಒಂದು ಬಿಟ್ಟುಹೋಗುತ್ತದೆ. ಹಾಗಾಗಿ ಬರೆದಿಟ್ಟಿದ್ದೇನೆ.

ಈ ಯಂತ್ರ ನಿಜವಾಗಿ ಏನು ಮಾಡುತ್ತದೆ?

ಬೆಂಕಿಪೊಟ್ಟಣದಷ್ಟು ದೊಡ್ಡದು. ಕೊರಳಿಗೆ ಹಾಕುವುದು ಇರುತ್ತದೆ, ಕೈಗಡಿಯಾರದ ಹಾಗೆ ಇರುತ್ತದೆ, ಕೀ ಗೊಂಚಲಿಗೆ ಸಿಕ್ಕಿಸುವುದೂ ಇರುತ್ತದೆ. ಒಳಗೆ ಒಂದು ಸಿಮ್, ಒಂದು ಜಿಪಿಎಸ್, ಸಣ್ಣ ಮೈಕು, ಸಣ್ಣ ಸ್ಪೀಕರು, ಬ್ಯಾಟರಿ. ಹೊರಗೆ ಒಂದು ಬಟನ್. ಸಾಮಾನ್ಯವಾಗಿ ಮೂರು ಸೆಕೆಂಡು ಒತ್ತಿ ಹಿಡಿದರೆ, ನೀವು ಮೊದಲೇ ಕೂರಿಸಿದ ನಂಬರುಗಳಿಗೆ ಒಂದಾದ ಮೇಲೊಂದು ಕರೆ ಹೋಗುತ್ತದೆ. ಎಲ್ಲಿದ್ದಾರೆ ಅಂತ ತೋರಿಸುವ ಮೆಸೇಜು ಅಥವಾ ಮ್ಯಾಪಿನ ಲಿಂಕ್ ಕೂಡ ಹೋಗುತ್ತದೆ. ಯಾರಾದರೂ ಕರೆ ಎತ್ತಿದರೆ ಯಂತ್ರದಲ್ಲೇ ಮಾತಾಡಬಹುದು.

ಅಷ್ಟೇ. ಅದು ಎಬ್ಬಿಸಿ ಕೂರಿಸುವುದಿಲ್ಲ, ನೀರು ಕುಡಿಸುವುದಿಲ್ಲ. ಒಬ್ಬರಿಗೆ ತೊಂದರೆಯಾಗಿದೆ ಅಂತ ಇನ್ನೊಬ್ಬರಿಗೆ ಬೇಗ ತಿಳಿಸುತ್ತದೆ.

ಯಾವ ಕಂಪನಿಯದು ತಗೊಳ್ಳಲಿ?

ಎಲ್ಲರೂ ಮೊದಲು ಕೇಳುವುದು ಇದನ್ನೇ. ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ಬಟನ್ ಒತ್ತಿದರೆ ನಿಮ್ಮ ಮನೆಗೆ ಹತ್ತು ನಿಮಿಷದಲ್ಲಿ ಯಾರು ಬರುತ್ತಾರೆ?

ನಾವು ಇದನ್ನು ಯೋಚಿಸಿಯೇ ಇರಲಿಲ್ಲ. ಮಾವನ ಯಂತ್ರದಲ್ಲಿ ಮೊದಲ ನಂಬರು ಬೆಂಗಳೂರಿನಲ್ಲಿರುವ ನನ್ನ ಮೈದುನನದು. ಎರಡನೆಯದು ಹಾಸನದಲ್ಲಿರುವ ನಾದಿನಿಯದು. ಮಕ್ಕಳು ಅಲ್ವಾ, ಅವರಿಗೇ ಮೊದಲು ತಿಳಿಯಬೇಕು ಅಂತ ನಮ್ಮ ಲೆಕ್ಕ. ಒಂದು ಮಧ್ಯಾಹ್ನ ಮಾವ ತೋಟದ ಕೆಳಗಿನ ಹಳ್ಳದ ಹತ್ತಿರ ಜಾರಿ ಬಿದ್ದು ಬಟನ್ ಒತ್ತಿದರು. ಮೈದುನ ಮೀಟಿಂಗಿನಲ್ಲಿದ್ದ. ನಾದಿನಿ ಕರೆ ಎತ್ತಿದಳು, ಗಾಬರಿಯಾದಳು, ನನಗೆ ಫೋನ್ ಮಾಡಿದಳು. ನಾನು ಸಕಲೇಶಪುರದ ಬ್ಯಾಂಕಿನಲ್ಲಿದ್ದೆ. ನಾನು ನಮ್ಮ ರೈಟರಿಗೆ, ಅಂದರೆ ತೋಟದ ಆಳುಗಳ ಲೆಕ್ಕ ನೋಡಿಕೊಳ್ಳುವವರಿಗೆ, ಫೋನ್ ಮಾಡಿದೆ. ರೈಟರು ಇದ್ದದ್ದು ಮಾವನಿಂದ ಒಂದು ಕೂಗಿನ ದೂರದಲ್ಲಿ! ನಾಲ್ಕು ಫೋನ್ ದಾಟಿ ಸುದ್ದಿ ಅವರಿಗೆ ಮುಟ್ಟುವಾಗ ಮುಕ್ಕಾಲು ಗಂಟೆ ಆಗಿತ್ತು. ಮಾವನಿಗೆ ಪಾದ ಉಳುಕಿತ್ತು, ಬೇರೇನೂ ಆಗಿರಲಿಲ್ಲ. ಅವತ್ತು ಸಂಜೆಯೇ ನಂಬರುಗಳನ್ನು ತಿರುಗಿಸಿ ಹಾಕಿದೆವು.

ನನ್ನ ಲೆಕ್ಕ ಈಗ ಹೀಗಿದೆ. ಮೊದಲ ನಂಬರು ಕೂಗಿನ ದೂರದಲ್ಲಿರುವವರದು: ಪಕ್ಕದ ಮನೆಯವರು, ರೈಟರು, ಲೈನ್ ಮನೆಯಲ್ಲಿ (ತೋಟದ ಆಳುಗಳ ಸಾಲು ಮನೆ) ಇರುವ ನಂಬಿಕೆಯ ಒಬ್ಬರು. ಎರಡನೆಯದು ಗಾಡಿ ಇರುವವರದು. ರಾತ್ರಿ ಎರಡು ಗಂಟೆಗೂ ಜೀಪು ತೆಗೆಯುವವರಾದರೆ ತುಂಬ ಒಳ್ಳೆಯದು. ಮೂರನೆಯದು ಬೇಕಾದರೆ ದೂರದ ಮಕ್ಕಳದು. ಬೆಂಗಳೂರಿನಿಂದ ಇಲ್ಲಿಗೆ ನಾಲ್ಕು ಗಂಟೆಗೂ ಜಾಸ್ತಿ ದಾರಿ. ಅಲ್ಲಿಂದ ಹೊರಟವರು ಆಸ್ಪತ್ರೆಗೆ ಬಂದು ಸೇರಬಹುದು, ಬಿದ್ದವರನ್ನು ಎತ್ತುವುದಕ್ಕೆ ಅವರಿಂದ ಆಗುವುದಿಲ್ಲ.

ಆ ಮೂರು ಜನರನ್ನು ಮುಂಚೆಯೇ ಕೇಳಿ ಒಪ್ಪಿಸಿ. ಮನೆಗೆ ಕರೆದು ಕಾಫಿ ಕೊಟ್ಟು ಕೇಳಿ. ಬಾಗಿಲಿನ ಇನ್ನೊಂದು ಕೀ ಎಲ್ಲಿದೆ ಅಂತ ತೋರಿಸಿ. ನಾಯಿಗೆ ಅವರ ಪರಿಚಯ ಮಾಡಿಸಿ. ಈ ಮಾತನ್ನು ಹಗುರವಾಗಿ ತಗೊಳ್ಳಬೇಡಿ, ಬಿಚ್ಚಿಬಿಟ್ಟ ನಾಯಿ ಇದ್ದರೆ ಎಂಥ ನೆರೆಯವರೂ ಗೇಟಿನಲ್ಲೇ ನಿಂತುಬಿಡುತ್ತಾರೆ.

ಇದೆಲ್ಲ ಆದ ಮೇಲೆ ಕಂಪನಿ ನೋಡಿ. ಬಟನ್ ದೊಡ್ಡದಾಗಿರಲಿ, ಕತ್ತಲಲ್ಲಿ ಬೆರಳಿಗೆ ಸಿಗುವಂತೆ ಉಬ್ಬಿರಲಿ. ಸ್ಪೀಕರು ಜೋರಾಗಿರಲಿ. ಕೆಟ್ಟರೆ ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ತೋರಿಸಲು ಒಂದು ಅಂಗಡಿ ಇರಲಿ.

ಜಿಪಿಎಸ್ ಅಂದರೆ ಸ್ಯಾಟಲೈಟ್ ಅಲ್ವಾ? ಹಾಗಾದರೆ ಟವರ್ ಇಲ್ಲದಿದ್ದರೂ ನಡೆಯಬೇಕಲ್ಲ?

ಇಲ್ಲ. ನಮಗೆ ಮಾರಿದ ಅಂಗಡಿಯವರೂ ಹೀಗೇ ಹೇಳಿದ್ದರು, ನಾವೂ ನಂಬಿದ್ದೆವು.

ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಮೇಲೆ ಸುತ್ತುತ್ತಿರುತ್ತವೆ. ಅವು ಕಳಿಸುವ ಸಿಗ್ನಲ್ಲನ್ನು ನಿಮ್ಮ ಯಂತ್ರ ಕೇಳಿಸಿಕೊಂಡು, ತಾನು ಎಲ್ಲಿದ್ದೇನೆ ಅಂತ ಲೆಕ್ಕ ಹಾಕುತ್ತದೆ. ಯಂತ್ರ ಉಪಗ್ರಹಕ್ಕೆ ಏನನ್ನೂ ತಿರುಗಿ ಹೇಳುವುದಿಲ್ಲ. ರೇಡಿಯೋ ಕೇಳಿದ ಹಾಗೆ. ಹಾಕಿದ ಲೆಕ್ಕವನ್ನು ನಿಮ್ಮ ಫೋನಿಗೆ ಮುಟ್ಟಿಸಬೇಕಾದರೆ ಮೊಬೈಲ್ ಟವರ್ ಬೇಕೇ ಬೇಕು. ಟವರ್ ಇಲ್ಲದ ಗುಂಡಿಯಲ್ಲಿ ಬಿದ್ದರೆ, ತಾನೆಲ್ಲಿದ್ದೇನೆ ಅಂತ ಯಂತ್ರಕ್ಕೆ ಗೊತ್ತಿರುತ್ತದೆ, ನಿಮಗೆ ಗೊತ್ತಾಗುವುದಿಲ್ಲ.

ಆದ್ದರಿಂದ ಹಣ ಕೊಡುವ ಮೊದಲು ಒಂದು ಕೆಲಸ ಮಾಡಿ. ಎರಡು ಮೂರು ಕಂಪನಿಯ ಸಿಮ್ ಇರುವ ಫೋನುಗಳನ್ನು ಹಿಡಿದುಕೊಂಡು, ನಿಮ್ಮ ಹಿರಿಯರು ದಿನಾ ಓಡಾಡುವ ದಾರಿಯಲ್ಲಿ ನಡೆಯಿರಿ. ಬಚ್ಚಲು, ಕೊಟ್ಟಿಗೆ, ಹಿತ್ತಲು, ಕಣ, ಪಂಪ್‌ಹೌಸ್, ದೇವಸ್ಥಾನದ ದಾರಿ, ಎಲ್ಲ ಕಡೆ. ಎಲ್ಲಿ ಕರೆ ಹೋಗುತ್ತದೆ, ಎಲ್ಲಿ ಕಡಿಯುತ್ತದೆ ಅಂತ ಚೀಟಿಯಲ್ಲಿ ಬರೆದುಕೊಳ್ಳಿ. ನಮ್ಮಲ್ಲಿ ಅಂಗಳದಲ್ಲಿ ನಾಲ್ಕು ಕಡ್ಡಿ ಬರುವ ಸಿಮ್, ಕೊಟ್ಟಿಗೆ ಹಿಂದೆ ಸತ್ತೇ ಹೋಗುತ್ತದೆ. ಟವರ್ ಸಿಗದ ಜಾಗ ಒಂದೆರಡೇ ಇದ್ದರೆ ಅಲ್ಲಿಗೆ ಒಬ್ಬರೇ ಹೋಗುವುದು ಬೇಡ ಅಂತ ಮನೆಯಲ್ಲಿ ಮಾತಾಡಿಕೊಳ್ಳಬಹುದು. ಮನೆಯ ಸುತ್ತಲೂ ಟವರ್ ಇಲ್ಲದಿದ್ದರೆ ಈ ಯಂತ್ರಕ್ಕೆ ದುಡ್ಡು ಹಾಕಬೇಡಿ. ಒಳಗಿನಿಂದ ಒತ್ತಿದರೆ ನೆರೆಮನೆಯಲ್ಲಿ ಬಡಿದುಕೊಳ್ಳುವ ವೈರ್‌ಲೆಸ್ ಬೆಲ್ಲು, ಇಲ್ಲವೇ ಕೊರಳಿಗೆ ಒಂದು ಸೀಟಿ, ಅದೇ ವಾಸಿ.

ಹಾಗಾದರೆ ಸ್ಯಾಟಲೈಟಿಗೇ ಮೆಸೇಜು ಕಳಿಸುವ ಯಂತ್ರ ಹೊರದೇಶದಿಂದ ತರಿಸಬಹುದಾ?

ಬೇಡ. ಸ್ಯಾಟಲೈಟ್ ಫೋನು, ಸ್ಯಾಟಲೈಟ್ ಮೆಸೇಜು ಕಳಿಸುವ ಯಂತ್ರ, ಇವನ್ನು ಭಾರತದಲ್ಲಿ ಟೆಲಿಕಾಂ ಇಲಾಖೆಯ ಅನುಮತಿ ಇಲ್ಲದೆ ಇಟ್ಟುಕೊಳ್ಳುವ ಹಾಗಿಲ್ಲ. ಗೊತ್ತಿಲ್ಲದೆ ತಂದ ಪ್ರವಾಸಿಗಳನ್ನು ವಿಮಾನ ನಿಲ್ದಾಣದಲ್ಲೇ ಹಿಡಿದ ಉದಾಹರಣೆಗಳಿವೆ. ಪ್ರೀತಿಯಿಂದ ತಂದುಕೊಡಲು ಹೊರಟ ಮಕ್ಕಳಿಗೆ ಇದನ್ನು ಮುಂಚೆಯೇ ತಿಳಿಸಿ.

ಅಮೆರಿಕದಲ್ಲಿರುವ ಮಗಳು ಅಲ್ಲಿಯದೇ ಒಳ್ಳೆಯ ಬಟನ್ ತಂದಿದ್ದಾಳೆ. ಇಲ್ಲಿ ನಡೆಯುತ್ತದಾ?

ಬಹಳಷ್ಟು ಸಲ ನಡೆಯುವುದಿಲ್ಲ. ಅಲ್ಲಿನ ಯಂತ್ರಗಳು ತಿಂಗಳ ಚಂದಾ ಕಟ್ಟುವ ಒಂದು ಕೇಂದ್ರಕ್ಕೆ ಜೋಡಿಸಿರುತ್ತವೆ. ಬಟನ್ ಒತ್ತಿದರೆ ಆ ದೇಶದ ಕೇಂದ್ರದವರು ಎತ್ತುತ್ತಾರೆ. ಇನ್ನೊಂದು ಸಮಸ್ಯೆ ಬ್ಯಾಂಡಿನದು. ಎಲ್ಲ ದೇಶದ 4ಜಿ ಒಂದೇ ತರಂಗದಲ್ಲಿ ಓಡುವುದಿಲ್ಲ. ಇಲ್ಲಿನ ಟವರಿನ ಬ್ಯಾಂಡು ಯಂತ್ರದಲ್ಲಿ ಇಲ್ಲದಿದ್ದರೆ ಸಿಮ್ ಹಾಕಿದರೂ ಅದು ಸುಮ್ನೆ ಕೂರುತ್ತದೆ.

ಸಿಮ್ ಯಾವುದು ಹಾಕಲಿ?

ಮೇಲೆ ಹೇಳಿದ ಹಾಗೆ ನಡೆದು ನೋಡಿದಾಗ ಯಾವುದು ಚೆನ್ನಾಗಿ ಸಿಕ್ಕಿತೋ ಅದು. ಆದರೆ ಕೆಲವು ವಿಷಯ ನೋಡಿಕೊಳ್ಳಿ.

ಕಡಿಮೆ ಬೆಲೆಯ ಯಂತ್ರಗಳಲ್ಲಿ ಎಷ್ಟೋ 2ಜಿಯವು. ಜಿಯೋಗೆ 2ಜಿಯೇ ಇಲ್ಲ, ಹಾಗಾಗಿ ಆ ಸಿಮ್ ಅದರಲ್ಲಿ ಏಳುವುದೇ ಇಲ್ಲ. ಹೊಸದಾಗಿ ಕೊಳ್ಳುವವರು 4ಜಿ ಯಂತ್ರವನ್ನೇ ತಗೊಳ್ಳಿ. 4ಜಿಯಲ್ಲೂ ಒಂದು ತೊಡಕಿದೆ. ಕೆಲವು ಯಂತ್ರಗಳಲ್ಲಿ ಡೇಟಾ ಓಡುತ್ತದೆ, ಮ್ಯಾಪಿನಲ್ಲಿ ಚುಕ್ಕಿ ಕಾಣುತ್ತದೆ, ಆದರೆ ವೋಲ್ಟೆ, ಅಂದರೆ 4ಜಿಯಲ್ಲೇ ಮಾತಾಡುವ ಸೌಲಭ್ಯ, ಇಲ್ಲದ ಕಾರಣ ಮಾತಿನ ಕರೆ ಹೋಗುವುದಿಲ್ಲ. ಬಟನ್ ಒತ್ತಿದರೆ ಕರೆಯೇ ಹೋಗದ ಯಂತ್ರ ಯಾಕೆ ಬೇಕು? ಅಂಗಡಿಯಲ್ಲೇ ನಿಮ್ಮ ಸಿಮ್ ಹಾಕಿಸಿ, ಬಟನ್ ಒತ್ತಿ, ಮಾತಾಡಿ ನೋಡಿ.

ಸಿಮ್ಮಿಗೆ ಪಿನ್ ಲಾಕ್ ಇದ್ದರೆ ತೆಗೆಸಿ. ಕಾಲರ್ ಟ್ಯೂನ್ ತೆಗೆಸಿ. ರೀಚಾರ್ಜು ತಿಂಗಳು ತಿಂಗಳು ಮಾಡುವ ಬದಲು ವರ್ಷದ ಪ್ಲಾನು ಹಾಕಿ. ಜೇಬಿನಲ್ಲಿರುವ ಫೋನಿನ ರೀಚಾರ್ಜು ಮುಗಿದರೆ ಅವತ್ತೇ ಗೊತ್ತಾಗುತ್ತದೆ. ಟ್ರ್ಯಾಕರಿನದು ಮುಗಿದರೆ, ಬಿದ್ದ ದಿನ ಗೊತ್ತಾಗುತ್ತದೆ.

ಕೊನೆಯದಾಗಿ, ಆ ಸಿಮ್ಮಿನ ನಂಬರನ್ನು ಮೂರೂ ಜನರ ಫೋನಿನಲ್ಲಿ ದೊಡ್ಡ ಹೆಸರಿನಿಂದ ಉಳಿಸಿ. “ಅಮ್ಮ ತುರ್ತು” ಅಂತ. ಹೆಸರಿಲ್ಲದ ನಂಬರನ್ನು ಈಗ ಯಾರೂ ಎತ್ತುವುದಿಲ್ಲ, ಲೋನ್ ಕೊಡುವವರು ಅಂದುಕೊಂಡು ಕಟ್ ಮಾಡುತ್ತಾರೆ. ಫೋನ್ ಸೈಲೆಂಟಿನಲ್ಲಿದ್ದರೂ ಈ ಒಂದು ನಂಬರು ರಿಂಗ್ ಆಗುವ ಹಾಗೆ ಸೆಟ್ಟಿಂಗ್ ಇದೆ, ಅದನ್ನೂ ಮಾಡಿಡಿ.

ಬಟನ್ ಒತ್ತಿದರೆ ಪೊಲೀಸರಿಗೆ, ಆಂಬುಲೆನ್ಸಿಗೆ ತಾನೇ ಹೋಗುತ್ತದಾ?

ಹೋಗುವುದಿಲ್ಲ. ನೀವು ಕೂರಿಸಿದ ನಂಬರಿಗೆ ಮಾತ್ರ ಹೋಗುತ್ತದೆ. ದೇಶದ ತುರ್ತು ನಂಬರು 112. ಪೊಲೀಸು, ಬೆಂಕಿ, ವೈದ್ಯಕೀಯ, ಮೂರಕ್ಕೂ ಅದೇ. ಆಂಬುಲೆನ್ಸಿಗೆ 108 ಕೂಡ ಇದೆ.

112ನ್ನು ಯಂತ್ರದ ಮೊದಲ ನಂಬರಾಗಿ ಹಾಕುವುದಕ್ಕೆ ನಾನು ಒಪ್ಪುವುದಿಲ್ಲ. ಕೈ ತಗುಲಿ ಹೋಗುವ ಕರೆಗಳು ಜಾಸ್ತಿ. ನಿಜವಾದ ತುರ್ತಿನಲ್ಲಿ ಇರುವ ಇನ್ನೊಬ್ಬರ ಲೈನನ್ನು ನಾವು ಹಿಡಿದಿಟ್ಟ ಹಾಗಾಗುತ್ತದೆ. ಇನ್ನೊಂದು ಮಾತು, ನಿಮ್ಮ ಫೋನಿನಲ್ಲಿರುವ ಟ್ರ್ಯಾಕರ್ ಆ್ಯಪಿನಲ್ಲಿ ಕಾಣುವ ಚುಕ್ಕಿ ಅವರಿಗೆ ಕಾಣುವುದಿಲ್ಲ. ನೋವಿನಲ್ಲಿರುವ ವಯಸ್ಸಾದವರು ವಿಳಾಸ ಹೇಳಬೇಕಾಗುತ್ತದೆ. ನೆರೆಯವರು ಬಂದು ನೋಡಿ, ಅವರೇ ಕರೆ ಮಾಡಿ ದಾರಿ ಹೇಳಿದರೆ ಗಾಡಿ ಬೇಗ ಬರುತ್ತದೆ.

ದಾರಿ ಹೇಳುವುದನ್ನೂ ಮೊದಲೇ ಕಲಿಸಿಡಿ. ತೋಟದ ಮನೆಗೆ ಬೀದಿ ಹೆಸರು, ಮನೆ ನಂಬರು ಎಲ್ಲಿ ಇರುತ್ತದೆ? ಯಾವ ರಸ್ತೆ, ಯಾವ ಬಸ್ ಸ್ಟಾಪು, ಅಲ್ಲಿಂದ ಎಡಕ್ಕೋ ಬಲಕ್ಕೋ, ಎಷ್ಟು ದೂರ, ಗೇಟಿನ ಬಣ್ಣ ಯಾವುದು, ಮೋರಿ ದಾಟಿ ಆಂಬುಲೆನ್ಸ್ ಬರುತ್ತದಾ ಇಲ್ಲಾ ಜೀಪಿನಲ್ಲಿ ಮೇನ್ ರೋಡಿಗೆ ತರಬೇಕಾ. ಐದಾರು ಸಾಲು ಬರೆದು ಬಾಗಿಲ ಹಿಂದೆ ಅಂಟಿಸಿ. ಅದರ ಕೆಳಗೇ ಬಿಪಿ, ಸಕ್ಕರೆ ಮಾತ್ರೆಗಳ ಹೆಸರೂ ಇರಲಿ. ಸಕಲೇಶಪುರದಿಂದ ಹಾಸನದ ದೊಡ್ಡ ಆಸ್ಪತ್ರೆಗೆ ಸುಮಾರು 40 ಕಿಲೋಮೀಟರ್. ಹೋಗುತ್ತಾ ಮಾತ್ರೆ ಹೆಸರು ಹುಡುಕಲು ಆಗುವುದಿಲ್ಲ.

ಮ್ಯಾಪಿನಲ್ಲಿ ಅಪ್ಪ ಒಂದು ಸಲ ಮನೆಯಲ್ಲಿ, ಇನ್ನೊಂದು ಸಲ ಹೊಳೆಯಾಚೆ ಕಾಣುತ್ತಾರೆ. ಯಂತ್ರ ಕೆಟ್ಟಿದೆಯಾ?

ಕೆಟ್ಟಿಲ್ಲ. ಬಯಲಿನಲ್ಲಿ, ಆಕಾಶ ಕಾಣುವ ಜಾಗದಲ್ಲಿ ಜಿಪಿಎಸ್ ಕೆಲವೇ ಮೀಟರ್ ಹೆಚ್ಚುಕಡಿಮೆ ತೋರಿಸುತ್ತದೆ. ಅರಸೀಕೆರೆ, ಕಡೂರು ಕಡೆಯ ಬಯಲಿನವರಿಗೆ ಈ ತಲೆನೋವು ಕಡಿಮೆ. ನಮ್ಮ ಕಡೆ ಮೇಲೆ ಸಿಲ್ವರ್ ಓಕ್, ಹಲಸು, ಅತ್ತಿ. ಅದರ ಕೆಳಗೆ ಕಾಫಿ. ಎರಡೂ ಕಡೆ ಗುಡ್ಡ. ಒದ್ದೆ ಎಲೆಗಳ ಅಡಿಯಲ್ಲಿ ಸಿಗ್ನಲ್ ಸೊರಗುತ್ತದೆ, ಗುಡ್ಡಕ್ಕೆ ಬಡಿದು ತಿರುಗಿ ಬರುತ್ತದೆ. ಚುಕ್ಕಿ ಅತ್ತಿತ್ತ ಹಾರುತ್ತದೆ.

ಮನೆಯೊಳಗೆ ಜಿಪಿಎಸ್ ಸಿಗದಿದ್ದಾಗ ಯಂತ್ರ ಸುತ್ತಲಿನ ವೈಫೈ ನೋಡಿ ಜಾಗ ಊಹಿಸುತ್ತದೆ. ಪೇಟೆಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ತೋಟದ ನಡುವೆ ವೈಫೈ ಎಲ್ಲಿಂದ ಬರಬೇಕು? ಅದೂ ಇಲ್ಲದಿದ್ದರೆ ಯಾವ ಟವರಿಗೆ ತಗುಲಿಕೊಂಡಿದೆಯೋ ಅದರ ಲೆಕ್ಕ. ಹಳ್ಳಿಯಲ್ಲಿ ಟವರುಗಳು ದೂರ ದೂರ ಇರುವುದರಿಂದ ಕಿಲೋಮೀಟರುಗಟ್ಟಲೆ ತಪ್ಪಬಹುದು. ಹೊಳೆಯಾಚೆ ಕಂಡದ್ದು ಹೀಗೆ.

ಚುಕ್ಕಿ ನೋಡುವಾಗ ಪಕ್ಕದಲ್ಲಿ ಜಿಪಿಎಸ್, ವೈಫೈ, ಎಲ್‌ಬಿಎಸ್ ಅಂತ ಏನು ಬರೆದಿದೆ ನೋಡಿ. ಎಲ್‌ಬಿಎಸ್ ಅಂದರೆ ಟವರ್ ಲೆಕ್ಕ. ಅದನ್ನು ನಂಬಿ ಓಡಬೇಡಿ. ಎಷ್ಟು ಹೊತ್ತಿನ ಹಿಂದಿನ ಚುಕ್ಕಿ ಅನ್ನುವುದನ್ನೂ ನೋಡಿ. ಹಸಿರು ಚುಕ್ಕಿ ಮನೆಯ ಮೇಲೇ ಇದೆ ಅಂತ ನಿಶ್ಚಿಂತೆಯಿಂದ ಕೂತಿರುತ್ತೇವೆ, ಅದು ಬೆಳಗ್ಗೆ ಎಂಟು ಗಂಟೆಯದಾಗಿರುತ್ತದೆ.

ಮಳೆಗಾಲದಲ್ಲಿ ಮೂರು ದಿನ ಕರೆಂಟ್ ಇರುವುದಿಲ್ಲ. ಚಾರ್ಜ್ ಹೇಗೆ?

ಇದು ನಮ್ಮ ಕಡೆಯ ನಿಜವಾದ ಕಷ್ಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಯಾವಾಗ ಲೈನ್ ಮೇಲೆ ಬೀಳುತ್ತದೋ ಹೇಳಲಾಗುವುದಿಲ್ಲ. ಡಬ್ಬಿಯ ಮೇಲೆ “ಏಳು ದಿನ ಬ್ಯಾಟರಿ” ಅಂತ ಬರೆದಿದ್ದರೆ ಅದು ಸುಮ್ನೆ ಮಲಗಿರುವ ಯಂತ್ರದ ಲೆಕ್ಕ. ಪ್ರತಿ ನಿಮಿಷಕ್ಕೆ ಜಾಗ ಕಳಿಸುವ ಹಾಗೆ ಇಟ್ಟರೆ ಒಂದೇ ದಿನದಲ್ಲಿ ಖಾಲಿ. ಟವರ್ ದೂರ ಇದ್ದರೆ ಹುಡುಕಿ ಹುಡುಕಿ ಇನ್ನೂ ಬೇಗ ಮುಗಿಯುತ್ತದೆ.

ಬಟನ್ ಮಾತ್ರ ಮುಖ್ಯ ಅನ್ನುವವರು ಜಾಗ ಕಳಿಸುವುದನ್ನು ಅರ್ಧ ಗಂಟೆಗೋ ಗಂಟೆಗೋ ಒಂದು ಸಲ ಇಡಿ. ಒಂದು ಪವರ್ ಬ್ಯಾಂಕನ್ನು ಇದಕ್ಕೇ ಅಂತ ಮೀಸಲಿಡಿ, ಮೊಮ್ಮಕ್ಕಳ ಕೈಗೆ ಸಿಗದ ಜಾಗದಲ್ಲಿ. ಚಾರ್ಜಿಗೆ ಹಾಕುವ ಹೊತ್ತನ್ನು ದಿನಚರಿಗೆ ಸೇರಿಸಿ. ನಮ್ಮ ಅತ್ತೆ ಸಂಜೆ ದೇವರ ದೀಪ ಹಚ್ಚಿ ಕೂತಾಗ ಯಂತ್ರ ಪಕ್ಕದಲ್ಲೇ ಚಾರ್ಜಿಗೆ. ಎದ್ದಾಗ ಮತ್ತೆ ಕೊರಳಿಗೆ. ರಾತ್ರಿ ಚಾರ್ಜಿಗೆ ಹಾಕಿ ಮಲಗುವುದು ಬೇಡ, ಕತ್ತಲಲ್ಲಿ ಬಚ್ಚಲಿಗೆ ಎದ್ದು ಹೋಗುವಾಗಲೇ ಅದು ಬೇಕಾಗುವುದು.

ಟವರಿಗೂ ಕರೆಂಟು ಬೇಕು ಅನ್ನುವುದನ್ನು ಮರೆಯಬೇಡಿ. ಅದರ ಬ್ಯಾಟರಿ, ಡೀಸೆಲ್ ಮುಗಿದರೆ ಊರಿಗೂರೇ ಫೋನಿಲ್ಲ. ಅಂಥ ದಿನಗಳಲ್ಲಿ ಬೆಳಗ್ಗೆ ಸಂಜೆ ಯಾರಾದರೂ ಮನೆಗೆ ಹೋಗಿ ಮುಖ ನೋಡಿ ಬರುವ ಏರ್ಪಾಡು ಇರಲೇಬೇಕು.

ನೀರಿಗೆ ಬಿದ್ದರೆ ಹಾಳಾಗುತ್ತದಾ? ಸ್ನಾನಕ್ಕೆ ತೆಗೆದಿಡಬೇಕಾ?

ತೆಗೆದಿಡಬೇಡಿ. ದಯವಿಟ್ಟು ತೆಗೆದಿಡಬೇಡಿ.

ಅತ್ತೆ ಬಿದ್ದದ್ದು ಬಚ್ಚಲಿನಲ್ಲೇ. ಹಂಡೆ ಪಕ್ಕದ ಕಲ್ಲು ಪಾಚಿ ಹಿಡಿದಿತ್ತು. ಯಂತ್ರ ಒದ್ದೆಯಾಗುತ್ತದೆ ಅಂತ ಹೊರಗಿನ ಮೊಳೆಗೆ ನೇತುಹಾಕಿ ಹೋಗಿದ್ದರು. ಒಳಗೆ ಚಿಲಕ. ನಾನು ಹಿತ್ತಲಿನಿಂದ ಬಂದು ಕೂಗಿದಾಗ ಅವರಿಗೆ ದನಿಯೂ ಏಳುತ್ತಿರಲಿಲ್ಲ. ಎಷ್ಟು ಹೊತ್ತು ಬಿದ್ದಿದ್ದರೋ ಅವರಿಗೂ ಗೊತ್ತಿಲ್ಲ. ಆ ಮೊಳೆಯಲ್ಲಿ ತೂಗುತ್ತಿದ್ದ ಬಟನ್ ಈಗಲೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ಬಿದ್ದವರು ಗಂಟೆಗಟ್ಟಲೆ ನೆಲದ ಮೇಲೇ ಉಳಿದರೆ, ಮೂಳೆ ಮುರಿಯದಿದ್ದರೂ ಅಪಾಯ. ಮೈ ತಣ್ಣಗಾಗುತ್ತದೆ, ನೀರು ಒಣಗುತ್ತದೆ, ಒತ್ತಿದ ಜಾಗದಲ್ಲಿ ಹುಣ್ಣಾಗುತ್ತದೆ, ಮಾಂಸಖಂಡ ಜಜ್ಜಿ ಮೂತ್ರಪಿಂಡಕ್ಕೆ ಪೆಟ್ಟಾಗುತ್ತದೆ. ಹಾಗಾಗಿ ಐಪಿ67 ಅಂತ ಬರೆದಿರುವುದನ್ನೇ ಕೊಳ್ಳಿ. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ ಅಂತ ಅದರ ಅರ್ಥ. ಚೊಂಬಿನಲ್ಲಿ ಹೊಯ್ದುಕೊಳ್ಳುವ ಸ್ನಾನಕ್ಕೆ ಧಾರಾಳ ಸಾಕು. ಚಾರ್ಜಿನ ತೂತಿನ ರಬ್ಬರ್ ಮುಚ್ಚಳ ಸರಿಯಾಗಿ ಕೂತಿರಲಿ. ಬಚ್ಚಲಿನ ಚಿಲಕವನ್ನೂ ಕಿತ್ತುಬಿಡಿ, ಒಂದು ಪರದೆ ಸಾಕು.

ಕೊರಳಿಗೆ ಹಾಕಿದರೆ ಕಾಫಿ ಗಿಡಕ್ಕೆ ಸಿಕ್ಕಿಕೊಳ್ಳುತ್ತದೆ. ಬೇರೆ ಎಲ್ಲಿ ಇಡಬಹುದು?

ದಾರ ಎಳೆದರೆ ತಾನೇ ಬಿಟ್ಟುಕೊಳ್ಳುವ ಕೊಕ್ಕೆ ಇರುವುದನ್ನೇ ಹಾಕಿ, ಕೊರಳು ಬಿಗಿಯಬಾರದು. ಹೆಂಗಸರಲ್ಲಿ ಕೆಲವರು ಕರಿಮಣಿ ಜೊತೆ ಹಾಕಿಕೊಳ್ಳುತ್ತಾರೆ, ಕೆಲವರು ರವಿಕೆ ಒಳಗೆ ಪಿನ್ನು ಹಾಕುತ್ತಾರೆ. ಸೆರಗಿಗೆ ಬೇಡ, ಬಿದ್ದಾಗ ಸೆರಗು ಎತ್ತಲೋ ಹೋಗಿರುತ್ತದೆ. ಗಂಡಸರದು ದೊಡ್ಡ ಸಮಸ್ಯೆ. ಮನೆಯಲ್ಲಿ ಅಂಗಿ ಹಾಕುವುದಿಲ್ಲ, ಪಂಚೆಗೆ ಜೇಬಿಲ್ಲ. ನಮ್ಮ ಮಾವನಿಗೆ ಏನು ಮಾಡಿದರೂ ಆಗದೆ ಕೊನೆಗೆ ಉಡಿದಾರಕ್ಕೆ ಕಟ್ಟಿದೆವು. ಅಷ್ಟು ವರ್ಷದಿಂದ ಮೈಮೇಲೆ ಇದ್ದ ದಾರ ಅದು, ಬಿಚ್ಚುವ ಯೋಚನೆಯೇ ಅವರಿಗೆ ಬರಲಿಲ್ಲ.

“ಆನೆಗೆ ಕಾಲರ್ ಹಾಕಿದ ಹಾಗೆ ನನಗೂ ಹಾಕ್ತೀರಾ?” ಅಂತ ಅಪ್ಪ ಬೈಯುತ್ತಾರೆ. ಏನು ಮಾಡಲಿ?

ನಮ್ಮ ಮಾವನೂ ಇದೇ ಮಾತು ಆಡಿದ್ದರು. ಸಕಲೇಶಪುರ, ಆಲೂರು, ಬೇಲೂರು ಕಡೆ ಅರಣ್ಯ ಇಲಾಖೆಯವರು ಆನೆಗಳಿಗೆ ರೇಡಿಯೋ ಕಾಲರ್ ಹಾಕಿದ್ದಾರೆ, ಆನೆ ಎಲ್ಲಿದೆ ಅಂತ ನಮ್ಮ ಫೋನುಗಳಿಗೆ ಮೆಸೇಜು ಬರುತ್ತದೆ. ಅದನ್ನು ನೋಡಿದವರಿಗೆ ಕೊರಳಿಗೆ ಯಂತ್ರ ಅಂದರೆ ಮನಸ್ಸಿಗೆ ಚುಚ್ಚುವುದು ಸಹಜ. ಅವರು ಈ ತೋಟ ಕಟ್ಟಿದವರು. ಅವರನ್ನು ನಾವು ಕಾಯುವವರಂತೆ ಆಡಿದರೆ ಯಾಕೆ ಒಪ್ಪಬೇಕು?

ಬುದ್ಧಿ ಚುರುಕಾಗಿರುವವರಿಗೆ ಅವರ ಒಪ್ಪಿಗೆ ಇಲ್ಲದೆ ಹಾಕಬೇಡಿ. ಬಟ್ಟೆಯಲ್ಲಿ ಬಚ್ಚಿಟ್ಟು ಹಾಕುವುದಂತೂ ಬೇಡವೇ ಬೇಡ. ನೇರವಾಗಿ ಮಾತಾಡಿ. “ನೀವು ಒಬ್ಬರೇ ಗದ್ದೆಗೆ ಹೋಗೋದು ನಿಲ್ಲಬಾರದು, ಅದಕ್ಕೇ ಇದು” ಅಂತ ಹೇಳಿ. ಅದು ನಿಜವೂ ಹೌದು. ಯಂತ್ರ ಇದ್ದರೆ ಅವರ ಓಡಾಟ ಉಳಿಯುತ್ತದೆ. ಯಾರು ಯಾರು ಮ್ಯಾಪ್ ನೋಡಬಹುದು ಅಂತ ಅವರೇ ಹೇಳಲಿ. ಮಾವ ಸೊಸೆ ಮತ್ತು ರೈಟರು ಸಾಕು ಅಂದರು, ಮಕ್ಕಳು ಬೇಡ ಅಂದರು. ಹಾಗೇ ಮಾಡಿದೆವು.

ಮರೆವು ಜಾಸ್ತಿಯಾದ ಮೇಲೆ ಒಪ್ಪಿಗೆ ಕೇಳುವುದೇ ಕಷ್ಟ. ಅದಕ್ಕೇ ಬೇಗ ಮಾತಾಡಿ ಅನ್ನುವುದು. “ಅರುವತ್ತಕ್ಕೆ ಅರಳು ಮರಳು” ಅಂತ ತಳ್ಳಿಹಾಕಬೇಡಿ. ದಾರಿ ತಪ್ಪುವುದು, ಹಣ ಎಣಿಸಲು ಬಾರದಿರುವುದು ವಯಸ್ಸಿನ ಗುಣವಲ್ಲ, ಕಾಯಿಲೆ. ವೈದ್ಯರಿಗೆ ತೋರಿಸಿ. ಹಿರಿಯರ ವಿಷಯದಲ್ಲಿ ಏನೇ ಕೇಳುವುದಿದ್ದರೂ 14567 ಹಿರಿಯರ ಸಹಾಯವಾಣಿ ಇದೆ. ನೋಡಿಕೊಳ್ಳುವ ನಿಮಗೇ ಮನಸ್ಸು ಸೋತಿದ್ದರೆ ಮನಸ್ಸಿನ ಆರೋಗ್ಯದ ಸಹಾಯವಾಣಿ ಟೆಲಿಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ.

ಮರೆವು ಇರುವವರಿಗೆ ಬಟನ್ ಒತ್ತಬೇಕು ಅನ್ನೋದೇ ನೆನಪಿರಲ್ಲ ಅಲ್ವಾ?

ಹೌದು. ಮೊದಮೊದಲು ಒತ್ತುತ್ತಾರೆ. ಆಮೇಲೆ ಅದು ಏನು ಅಂತಲೇ ಮರೆಯುತ್ತಾರೆ. ಆ ಹೊತ್ತಿಗೆ ಕೆಲಸಕ್ಕೆ ಬರುವುದು ಬೇಲಿ. ಆ್ಯಪಿನಲ್ಲಿ ಮನೆಯ ಸುತ್ತ ಒಂದು ಗೆರೆ ಹಾಕಿಡಬಹುದು, ದಾಟಿದರೆ ನಿಮ್ಮ ಫೋನು ಕೂಗುತ್ತದೆ. ತೋಟದಲ್ಲಿ ಚುಕ್ಕಿ ಹಾರುವುದರಿಂದ ಬೇಲಿಯನ್ನು ತೀರ ಹತ್ತಿರ ಹಾಕಬೇಡಿ. ದಿನಕ್ಕೆ ಇಪ್ಪತ್ತು ಸಲ ಸುಳ್ಳು ಕೂಗಿದರೆ ಇಪ್ಪತ್ತೊಂದನೆಯದನ್ನು ನೀವು ನೋಡುವುದಿಲ್ಲ. ನಾವು ಮನೆಯಿಂದ 300 ಮೀಟರ್ ಇಟ್ಟಿದ್ದೆವು. ಕೆರೆಯೋ ಹೊಳೆಯೋ ಅದಕ್ಕಿಂತ ಹತ್ತಿರ ಇದ್ದರೆ ಯಂತ್ರವನ್ನು ನೆಚ್ಚದೆ ನಿಜವಾದ ಬೇಲಿ, ಗೇಟು, ಗೇಟಿಗೊಂದು ಗಂಟೆ ಕಟ್ಟಿ.

ನಿಜವಾಗಿಯೂ ಕಾಣೆಯಾದರೆ?

ಕೊನೆಯ ಸರಿಯಾದ ಚುಕ್ಕಿ ಎಲ್ಲಿ, ಎಷ್ಟು ಗಂಟೆಗೆ ಅಂತ ಬರೆದುಕೊಳ್ಳಿ. ಜಾಗ ಕಳಿಸುವುದನ್ನು ಆ್ಯಪಿನಲ್ಲಿ ಒಂದು ನಿಮಿಷಕ್ಕೆ ಬದಲಿಸಿ. ಒಬ್ಬರು ಮನೆಯಲ್ಲೇ ಇರಿ, ತಿರುಗಿ ಬರಬಹುದು. ಕೂಡಲೇ 112ಕ್ಕೆ ಹೇಳಿ. 24 ಗಂಟೆ ಕಾಯಬೇಕು ಅನ್ನುವ ನಿಯಮ ಯಾವುದೂ ಇಲ್ಲ.

ಮರೆವಿನವರು ಹೆಚ್ಚಾಗಿ ಬಹಳ ದೂರ ಹೋಗಿರುವುದಿಲ್ಲ. ಮುಂದೆ ಮುಂದೆ ನಡೆದು ಯಾವುದೋ ಪೊದೆಗೋ ಬೇಲಿಗೋ ಸಿಕ್ಕಿ ನಿಂತುಬಿಡುತ್ತಾರೆ. ಹೆಸರು ಹಿಡಿದು ಕೂಗಿದರೂ ಓಗೊಡುವುದಿಲ್ಲ. ಆದ್ದರಿಂದ ಕೂಗುತ್ತಾ ರಸ್ತೆಯಲ್ಲಿ ಹೋದರೆ ಸಾಲದು, ಕಾಫಿ ಸಾಲುಗಳ ಒಳಗೆ, ತೋಡಿನಲ್ಲಿ ಇಳಿದು ನೋಡಬೇಕು. ಹಳೆಯ ಮನೆ, ಚಿಕ್ಕಂದಿನ ಊರು, ದುಡಿದ ಜಾಗದ ದಾರಿಯನ್ನೂ ನೋಡಿ.

ಕತ್ತಲಾದ ಮೇಲೆ ಆನೆ ಓಡಾಡುವ ಕಡೆ ಒಬ್ಬೊಬ್ಬರೇ ನುಗ್ಗಬೇಡಿ. ಇವತ್ತು ಆನೆ ಎಲ್ಲಿದೆ ಅಂತ ಅರಣ್ಯ ಇಲಾಖೆಯವರನ್ನು ಕೇಳಿಕೊಂಡು, ಅವರನ್ನೂ ಕರೆದುಕೊಂಡೇ ಹೋಗಿ. ನಿಮ್ಮ ವಲಯದ ಕಚೇರಿಯ ನಂಬರು ಈಗಲೇ ಫೋನಿನಲ್ಲಿ ಇರಲಿ.

ಬಿದ್ದರೆ ತಾನೇ ಕರೆ ಮಾಡುವ ಯಂತ್ರ ಇದೆಯಂತೆ?

ಇದೆ. ಧಡಕ್ಕನೆ ಬಿದ್ದದ್ದನ್ನು ಚೆನ್ನಾಗಿ ಹಿಡಿಯುತ್ತದೆ. ಆದರೆ ವಯಸ್ಸಾದವರು ಎಷ್ಟೋ ಸಲ ಗೋಡೆ ಹಿಡಿದು ಮೆಲ್ಲಗೆ ಕುಸಿಯುತ್ತಾರೆ, ಮಂಚದಿಂದ ಜಾರುತ್ತಾರೆ. ಅದು ತಪ್ಪಿಹೋಗಬಹುದು. ಯಂತ್ರವನ್ನು ಸುಮ್ನೆ ಮೇಜಿನ ಮೇಲೆ ಎಸೆದರೂ ಯಾರೋ ಬಿದ್ದರು ಅಂದುಕೊಂಡು ಕರೆ ಮಾಡಿಬಿಡಬಹುದು. ಇದ್ದರೆ ಒಳ್ಳೆಯದು, ಅದನ್ನೇ ನೆಚ್ಚಬೇಡಿ.

ಕಿವಿ ಕೇಳದವರಿಗೆ, ಮಾತು ಬಾರದವರಿಗೆ, ಫಿಟ್ಸ್ ಬರುವವರಿಗೆ?

ಕಿವಿ ಕೇಳದವರಿಗೆ ಬಟನ್ ಒತ್ತಿದಾಗ ಮೈಗೆ ನಡುಗುವ ಯಂತ್ರ ಕೊಡಿ. ಒಂದು ನಡುಕ ಅಂದರೆ ಕರೆ ಹೋಯಿತು, ಎರಡು ಅಂದರೆ ಎತ್ತಿದರು, ಹೀಗೆ ಕಲಿಸಬಹುದು. ಮಾತು ಬಾರದವರ ಕಡೆಯಿಂದ ಬರುವುದು ಮೌನದ ಕರೆ. ಎತ್ತುವವರಿಗೆ ಇದು ಗೊತ್ತಿರಬೇಕು: ದನಿ ಇಲ್ಲ ಅಂತ ಕಟ್ ಮಾಡದೆ ಎದ್ದು ಓಡಬೇಕು. ಫಿಟ್ಸ್ ಬಂದಾಗ ಯಾರಿಗೂ ಬಟನ್ ಒತ್ತಲು ಆಗುವುದಿಲ್ಲ. ಅವರಿಗೆ ಇದು ಅರೆಬರೆ ಸಹಾಯ ಅಷ್ಟೇ. ಬುದ್ಧಿ ನಿಧಾನ ಇರುವ ಮಕ್ಕಳಲ್ಲಿ ಕೆಲವರು ಬಟನ್ನನ್ನು ಬಹಳ ಬೇಗ ಕಲಿಯುತ್ತಾರೆ. ನನ್ನ ಅಕ್ಕನ ಮನೆಯ ಹತ್ತಿರದ ಒಂದು ಹುಡುಗಿ, ಬಸ್ಸು ತಪ್ಪಿದಾಗ ಅಳದೆ ಬಟನ್ ಒತ್ತಿ ನಿಂತಿದ್ದಳು.

ದಿನಾ ಕೈ ತಗುಲಿ ಕರೆ ಬರುತ್ತದೆ. ನೆರೆಯವರಿಗೆ ಬೇಜಾರಾಗಿದೆ.

ಒತ್ತಿ ಹಿಡಿಯುವ ಹೊತ್ತನ್ನು ಐದು ಸೆಕೆಂಡಿಗೆ ಏರಿಸಿ ನೋಡಿ. ಮಲಗುವಾಗ ಯಂತ್ರ ಮಗ್ಗುಲಿಗೆ ಬಾರದಂತೆ ಕಟ್ಟಿ. ಆದರೆ ಸುಳ್ಳು ಕರೆ ಮಾಡಿದ್ದಕ್ಕೆ ಹಿರಿಯರನ್ನು ಗದರಬೇಡಿ. ಒಂದು ಸಲ ಗದರಿದರೆ, ಮುಂದೆ ಎದೆ ನೋವು ಬಂದರೂ “ಯಾಕೆ ಸುಮ್ನೆ ತೊಂದರೆ” ಅಂತ ಒತ್ತದೆ ಕೂರುತ್ತಾರೆ. ನಮ್ಮ ಹಿರಿಯರ ಸ್ವಭಾವ ನಿಮಗೆ ಗೊತ್ತಲ್ವಾ.

ತಿಂಗಳಿಗೊಂದು ಸಲ ಬೇಕಂತಲೇ ಒತ್ತಿ ಪರೀಕ್ಷೆ ಮಾಡಿ. ನಮ್ಮಲ್ಲಿ ಅಮಾವಾಸ್ಯೆ ಪೂಜೆ ಮುಗಿದ ಮೇಲೆ ಅತ್ತೆಯೇ ಒತ್ತುತ್ತಾರೆ. ಮೂರೂ ಜನ ಎತ್ತಬೇಕು. ಅತ್ತೆಗೆ ಅದು ಒಂದು ಹರಟೆಯೂ ಆಯಿತು. ಕೈಗೂ ಅಭ್ಯಾಸ ಉಳಿಯಿತು.

ಮನೆಯಲ್ಲಿ ಮಾತಾಡುವುದನ್ನು ಬೇರೆಯವರು ಕದ್ದು ಕೇಳಬಹುದಾ?

ಕೆಲವು ಯಂತ್ರಗಳಲ್ಲಿ, ಗೊತ್ತಾಗದ ಹಾಗೆ ಸುತ್ತಲಿನ ಮಾತು ಕೇಳಿಸಿಕೊಳ್ಳುವ ಸೌಲಭ್ಯ ಇದೆ. ಜರ್ಮನಿ 2017ರಲ್ಲಿ ಇಂಥ ಮಕ್ಕಳ ವಾಚುಗಳನ್ನು ಇದೇ ಕಾರಣಕ್ಕೆ ನಿಷೇಧಿಸಿತು. ಅದನ್ನು ಆಫ್ ಮಾಡಿ. ಪಾಸ್‌ವರ್ಡ್ ಬದಲಿಸುವುದು ಇನ್ನೂ ಮುಖ್ಯ. 2019ರಲ್ಲಿ ಕಂಪ್ಯೂಟರ್ ಸುರಕ್ಷತೆಯ ಅವಾಸ್ಟ್ ಕಂಪನಿಯ ಪರಿಣತರು ಪರೀಕ್ಷಿಸಿದಾಗ, ಸುಮಾರು 6 ಲಕ್ಷ ಟ್ರ್ಯಾಕರುಗಳು 123456 ಅನ್ನುವ ಒಂದೇ ಪಾಸ್‌ವರ್ಡಿನಲ್ಲಿ ಓಡುತ್ತಿದ್ದವು. ಒಂಟಿಯಾಗಿರುವ ವಯಸ್ಸಾದವರು ಎಲ್ಲಿದ್ದಾರೆ, ಮನೆ ಯಾವಾಗ ಖಾಲಿ ಅಂತ ಯಾರು ಬೇಕಾದರೂ ನೋಡುವ ಹಾಗಿತ್ತು. ಡಬ್ಬಿ ತೆರೆದ ದಿನವೇ ಬದಲಿಸಿ. ಟ್ರ್ಯಾಕರಿನ ಸಿಮ್ ನಂಬರನ್ನೂ ಎಲ್ಲರಿಗೂ ಹಂಚಬೇಡಿ.

ಏರ್‌ಟ್ಯಾಗ್ ಸಾಕಾಗಲ್ವಾ?

ಸಾಕಾಗುವುದಿಲ್ಲ. ಅದು ಕಳೆದ ವಸ್ತು ಹುಡುಕಲು ಆಪಲ್ ಕಂಪನಿ ಮಾಡಿದ ಸಣ್ಣ ಬಿಲ್ಲೆ. ಅದರಲ್ಲಿ ತುರ್ತು ಬಟನ್ ಇಲ್ಲ, ಸಿಮ್ ಇಲ್ಲ. ಹತ್ತಿರ ಬೇರೆಯವರ ಐಫೋನ್ ಇದ್ದರಷ್ಟೇ ಜಾಗ ತಿಳಿಯುತ್ತದೆ. ಕೀ ಹುಡುಕಲು ಸರಿ.

ಫೋನಿನಲ್ಲೇ ತುರ್ತು ಬಟನ್ ಇರುತ್ತದಲ್ಲ? ಬೇರೆ ಯಂತ್ರ ಯಾಕೆ?

ಇರುತ್ತದೆ. 2016ರ ನಿಯಮದ ಪ್ರಕಾರ, 2017ರ ಜನವರಿ 1ರಿಂದ ಮಾರುವ ಫೋನುಗಳಲ್ಲಿ ಅದು ಇರಬೇಕು. ಕೀಪ್ಯಾಡ್ ಫೋನಿನಲ್ಲಿ 5 ಅಥವಾ 9ನ್ನು ಒತ್ತಿ ಹಿಡಿಯುವುದು. ಸ್ಮಾರ್ಟ್‌ಫೋನಿನಲ್ಲಿ ಪವರ್ ಬಟನ್ನನ್ನು ಬೇಗ ಬೇಗ ಮೂರು ಸಲ ಒತ್ತುವುದು, ಈಗಿನ ಕೆಲವು ಫೋನುಗಳಲ್ಲಿ ಐದು ಸಲ. ಸುಮ್ನೆ ಒತ್ತಿ ನೋಡಬೇಡಿ, ನಿಜವಾಗಿಯೂ 112ಕ್ಕೆ ಹೋಗಬಹುದು.

ಫೋನನ್ನು ಸದಾ ಜೊತೆಗಿಟ್ಟುಕೊಳ್ಳುವ ಅಭ್ಯಾಸ ಇರುವವರಿಗೆ ಅದೇ ಸಾಕು, ಸುಮ್ನೆ ಖರ್ಚು ಮಾಡಬೇಡಿ. ನಮ್ಮ ಹಿರಿಯರ ಫೋನು ಇರುವುದು ಟೀವಿ ಪಕ್ಕದಲ್ಲಿ, ಅವರು ಇರುವುದು ಹಿತ್ತಲಿನಲ್ಲಿ. ಅದಕ್ಕೇ ಬೇರೆ ಯಂತ್ರ.

ಅಮ್ಮ ತೀರಿಕೊಂಡರು. ಅವರ ಯಂತ್ರ ಹಾಗೇ ಇದೆ. ಬೇರೆಯವರಿಗೆ ಕೊಡಬಹುದಾ?

ಕೊಡಿ. ಅವಸರ ಏನೂ ಇಲ್ಲ. ನಾವು ಮಾವನದನ್ನು ಒಂದು ವರ್ಷ ದೇವರ ಮನೆಯ ಗೂಡಿನಲ್ಲೇ ಇಟ್ಟಿದ್ದೆವು.

ಕೊಡುವಾಗ ಸಿಮ್ ತೆಗೆದು, ಆ ನಂಬರನ್ನು ಕಂಪನಿಗೆ ಹೇಳಿ ನಿಲ್ಲಿಸಿ. ಆ್ಯಪಿನಲ್ಲಿ ಹಳೆಯ ಓಡಾಟದ ದಾಖಲೆ ಅಳಿಸಿ, ಖಾತೆಯಿಂದ ಯಂತ್ರವನ್ನು ಬಿಡಿಸಿ. ಬಿಡಿಸದಿದ್ದರೆ ಹೊಸಬರು ಸೇರಿಸಿಕೊಳ್ಳಲು ಆಗುವುದಿಲ್ಲ. ದಾರ ಹೊಸದು ಹಾಕಿ. ಬ್ಯಾಟರಿ ಒಂದು ದಿನವೂ ಬರದಿದ್ದರೆ ಕೊಡಬೇಡಿ. ಮಾವನ ಯಂತ್ರ ಈಗ ದೇವಾಲದಕೆರೆ ಕಡೆ ಒಬ್ಬರೇ ಇರುವ ಒಬ್ಬ ಅಜ್ಜಿಯ ಹತ್ತಿರ ಇದೆ. ಮೊದಲ ನಂಬರು ಅವರ ಪಕ್ಕದ ಮನೆಯ ಹುಡುಗನದು, ಎರಡನೆಯದು ಜೀಪಿನವರದು, ಮೂರನೆಯದು ನನ್ನದು.